ಮುಧೋಳ ಮರಿಗಳನ್ನ ಜಿಂಕೆ ಬೇಟೆಗೆ ಪಳಗಿಸೋದು ಹೇಗೆ?

ಚಿತ್ರದುರ್ಗದ ಹತ್ರ ತೋಟ ಇದೆ, ನಾಲ್ಕು ತಿಂಗಳ ಎರಡು ಮುಧೋಳ ಮರಿ ತಂದಿದ್ದೀನಿ, ಅಮೆರಿಕದವರು ಜಿಂಕೆ ಚರ್ಮ ಎಳೆದಾಡಿ ಮರಿನಾಯಿಗೆ ವಾಸನೆ ಹಿಡಿಸೋ ವಿಡಿಯೋ ನೋಡಿದೆ, ಹಂಗೇ ಇಲ್ಲಿ ಕಲಿಸೋದು ಹೇಗೆ ಅಂತ ಕೇಳಿದ್ದೀರಿ. ನಾನು ಜಗಳೂರು ಕಡೆಯವನು. ಕುರಿ ಮನೆತನ, ಚಿಕ್ಕಂದಿನಿಂದ ಈ ನಾಯಿಗಳ ಜೊತೆಗೇ ಬೆಳೆದೋನು.

ಆ ವಿಡಿಯೋದಲ್ಲಿರೋವು ಬೇರೆ ಜಾತಿ. ಕಿವಿ ಜೋತುಬಿದ್ದ, ಮೂಗು ನೆಲಕ್ಕಿಟ್ಟು ಬೊಗಳ್ತಾ ಹೋಗೋ ನಾಯಿಗಳು. ಅವು ಜಿಂಕೆ ಎಬ್ಬಿಸಿ ಓಡಿಸ್ತವೆ, ಬಂದೂಕಿನವನು ಇನ್ನೊಂದು ಕಡೆ ಕಾಯ್ತಿರ್ತಾನೆ. ಜಾರ್ಜಿಯಾ, ವರ್ಜೀನಿಯಾ ಥರದ ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ತಗೊಂಡು, ಸೀಸನ್ ಇದ್ದಾಗ ಹಂಗೆ ಮಾಡೋಕೆ ಅವರ ಕಾನೂನೇ ಬಿಟ್ಟಿದೆ. ಮುಧೋಳ ಕಣ್ಣಿನ ನಾಯಿ. ವಾಸನೆಗಿಂತ ಮೊದಲು ಅದಕ್ಕೆ ಕಾಣೋದು ಚಲನೆ. ದೂರದ ಬದುವಿನ ಮೇಲೆ ಏನೋ ಅಲುಗಾಡಿದ್ರೆ ಸಾಕು, ಕತ್ತೆತ್ತಿ ನಿಂತುಬಿಡುತ್ತೆ. ಚರ್ಮ ಎಳೆದು ಹಾದಿ ಹಿಡಿಸೋ ಪಾಠಕ್ಕೆ ಇದು ಹುಟ್ಟಿದ್ದೇ ಅಲ್ಲ.

ಇನ್ನು ನಮ್ಮ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದಷ್ಟೇ ಅಲ್ಲ. ಅಟ್ಟೋದು, ಉರುಳು ಹಾಕೋದು, ಹಿಡಿಯೋದು, ಅದಕ್ಕೆ ಪ್ರಯತ್ನ ಪಡೋದು ಎಲ್ಲಾ ಬೇಟೆನೇ. ಕೃಷ್ಣಮೃಗ, ಚಿಂಕಾರ, ಕೊಂಡುಕುರಿ (ನಾಲ್ಕು ಕೊಂಬಿನ ಚಿಗರಿ) ಮೂರೂ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿ: 3ರಿಂದ 7 ವರ್ಷ ಜೈಲು, ಮೇಲೆ ದಂಡ. ನಿಮ್ಮ ಊರಿನ ಬೆನ್ನಿಗೇ ಜೋಗಿಮಟ್ಟಿ ಅಭಯಾರಣ್ಯ, ನಮ್ಮ ತಾಲ್ಲೂಕಲ್ಲಿ ರಂಗಯ್ಯನದುರ್ಗ, ಅದು ಕೊಂಡುಕುರಿಗೋಸ್ಕರವೇ 2011ರಲ್ಲಿ ಘೋಷಣೆ ಆದದ್ದು. ನಮ್ಮಜ್ಜನ ಕಾಲದಲ್ಲಿ ಯುಗಾದಿ ಮಾರನೇ ದಿನ ಊರಿಗೂರೇ ನಾಯಿ ಹೊಡ್ಕೊಂಡು ಮೊಲಕ್ಕೆ ಹೋಗ್ತಿತ್ತಂತೆ. ಆ ಮೊಲವೂ ಈಗ ಕಾಯ್ದೆಯೊಳಗೆ. ಹಾಗಾಗಿ ಜಿಂಕೆ ಬೇಟೆ ನಾನು ಕಲಿಸಿಕೊಡಲ್ಲ.

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ: ಅದನ್ನ ಕಲಿಸೋ ಅಗತ್ಯಾನೂ ಇಲ್ಲ. ಓಡೋದು ಅದರ ರಕ್ತದಲ್ಲಿದೆ. ನೀವು ಕಲಿಸಬೇಕಾದ್ದು ನಿಲ್ಲೋದನ್ನ. ನಾನು ಕಲಿಸದೆ ಅನುಭವಿಸಿದೆ.

ನನ್ನ ಹಳೇ ನಾಯಿ ಕರಿಯನಿಗೆ ಆಗ ಹನ್ನೊಂದು ತಿಂಗಳು. ಸಂಜೆ ಕುರಿ ರೊಪ್ಪಕ್ಕೆ ತುಂಬ್ತಾ ಇದ್ವಿ, ಹೊಲದ ಅಂಚಲ್ಲಿ ಒಂದು ಕೊಂಡುಕುರಿ ಚಂಗನೆ ಎದ್ದು ಹಾರಿತು. ಕರಿಯ ಹೋದದ್ದು ಕಾಣಿಸ್ಲೇ ಇಲ್ಲ, ಧೂಳಷ್ಟೇ ಕಂಡಿತು. ಕೂಗಿ ಕೂಗಿ ಗಂಟಲು ಬಿದ್ದುಹೋಯ್ತು. ಎರಡು ಗಂಟೆ ಬಿಟ್ಟು ಒಬ್ಬನೇ ಬಂದ. ಬಾಯಲ್ಲಿ ನೊರೆ, ಅಂಗಾಲು ಸಿಪ್ಪೆ ಸುಲಿದಂಗೆ ಸುಲಿದಿತ್ತು, ಮುಳ್ಳುತಂತಿಗೆ ಸಿಕ್ಕಿ ತೊಡೆ ಚರ್ಮ ಗೇಣುದ್ದ ಹರಿದು ಜೋತಾಡ್ತಿತ್ತು. ಇವುಗಳ ಚರ್ಮ ಕಾಗದದಷ್ಟು ತೆಳು. ಹದಿನಾಲ್ಕು ಹೊಲಿಗೆ. ಆ ಕೊಂಡುಕುರಿ ಏನಾಯ್ತೋ. ಈ ಪ್ರಾಣಿಗಳು ನಾಯಿ ಬಾಯಿಗೆ ಸಿಗದೆ ತಪ್ಪಿಸ್ಕೊಂಡ್ರೂ, ಭಯಕ್ಕೆ ಮಿತಿಮೀರಿ ಓಡಿ ಸ್ನಾಯು ಕೆಟ್ಟು ಆಮೇಲೆ ಸಾಯೋದುಂಟು ಅಂತ ಹೊಲಿಗೆ ಹಾಕಿದ ಡಾಕ್ಟ್ರೇ ಹೇಳಿದ್ರು. ಅಲ್ಲೀವರೆಗೂ ನನಗದು ಗೊತ್ತಿರಲಿಲ್ಲ.

ಈಗಿನ ನಾಯಿಗೆ ನಾನು ಮಾಡಿದ್ದು ಹೇಳ್ತೀನಿ. ಊಟ ಇಡೋವಾಗೆಲ್ಲ ಸೀಟಿ ಊದಿದೆ, ಮೊದಲ ದಿನದಿಂದಲೇ. ಸೀಟಿ ಅಂದ್ರೆ ಮುದ್ದೆ, ಸೀಟಿ ಅಂದ್ರೆ ಮೊಟ್ಟೆ. ಮೂರು ವಾರಕ್ಕೆ ಎಲ್ಲಿದ್ರೂ ತಿರುಗಿ ನೋಡೋಕೆ ಶುರುಮಾಡ್ತು. ಆಮೇಲೆ ಮೂವತ್ತಡಿ ನೂಲಿನ ಹಗ್ಗ ಕಟ್ಟಿ ಹೊಲಕ್ಕೆ ಬಿಟ್ಟೆ. ಹಗ್ಗ ನೆಲದ ಮೇಲೆ ಎಳ್ಕೊಂಡೇ ಓಡಾಡ್ಲಿ, ಊದಿದಾಗ ಬರದಿದ್ರೆ ಮಾತ್ರ ತುದಿ ತುಳೀರಿ. ಬಂದಾಗ, ಎಷ್ಟೇ ತಡವಾಗಿ ಬಂದಿರಲಿ, ಬೈಬೇಡಿ. ನಮ್ಮ ಜನ ಇಲ್ಲೇ ಕೆಡಿಸೋದು. ಬಂದ ನಾಯಿಗೆ ಎರಡು ಬಿಟ್ಟು, ನಾಳೆ ಅದು ಬರಲ್ಲ ಅಂತ ಮತ್ತೆ ನಾಯಿಗೇ ಬೈತಾರೆ. ಕೊರಳಪಟ್ಟಿ ಅಗಲವಾಗಿರ್ಲಿ. ಇವುಗಳ ತಲೆ ಸಣ್ಣ, ಕತ್ತು ದಪ್ಪ, ಸಾದಾ ಪಟ್ಟಿ ಹಿಂದಕ್ಕೆ ಜಗ್ಗಿದ್ರೆ ಕಳಚಿ ಬರುತ್ತೆ.

ಕುರಿ ಅಭ್ಯಾಸ ಈಗಲೇ ಮಾಡಿಸಿ. ರೊಪ್ಪದ ಬಾಗಿಲಲ್ಲಿ ದಿನಾ ಒಂದು ಗಂಟೆ ಕಟ್ಟಿ. ಮರಿ ಹಾಕಿದ ಕುರಿ ಒಂದು ಸಲ ಗುದ್ದಿದ್ರೆ ಜನ್ಮಕ್ಕಾಗೋವಷ್ಟು ಬುದ್ಧಿ ಬರುತ್ತೆ.

ಓಟದ ಹಸಿವು ಇದ್ದೇ ಇರುತ್ತಲ್ಲ, ಅದಕ್ಕೆ ಒಂದು ಉಪಾಯ. ಗೊಬ್ಬರದ ಬಿಳೀ ಚೀಲ ಹಗ್ಗದ ತುದಿಗೆ ಕಟ್ಟಿ, ಹಳೇ ಸೈಕಲ್ ರಿಮ್ಮಿಗೆ ಸುತ್ತಿ ಎಳೀರಿ. ಚೀಲ ಪಟಪಟ ಅಂತ ಹಾರ್ತಾ ಹೋದ್ರೆ ಜಿಂಕೆನೇ ಬೇಕಾಗಿಲ್ಲ. ಕೊನೆಗೆ ಚೀಲ ಹಿಡಿಯೋಕೆ ಬಿಡಿ, ಹಿಡೀದೇ ಹೋದ್ರೆ ಅದಕ್ಕೆ ಸಿಟ್ಟು ಬರುತ್ತೆ. ಮರಿ ಇರೋವಾಗ ಐವತ್ತು ಅಡಿ ಆಟ ಸಾಕು. ವರ್ಷ ತುಂಬೋವರೆಗೂ ಮೂಳೆ ಬಲಿತಿರಲ್ಲ, ಜೋರಾಗಿ ಓಡಿಸಬೇಡಿ. ಬೈಕಿಗೆ ಕಟ್ಕೊಂಡು ಟಾರ್ ರಸ್ತೆಲಿ ಓಡಿಸೋರನ್ನ ದಾವಣಗೆರೆ ಬೈಪಾಸಲ್ಲಿ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ. ವರ್ಷ ಆದಮೇಲೆ ವಾರಕ್ಕೆ ಎರಡು ದಿನ, ಬೆಳಿಗ್ಗೆ ಏಳರೊಳಗೆ, ಎರಡು ಮೂರು ಓಟ. ಹೊಟ್ಟೆ ಖಾಲಿ ಇರ್ಲಿ, ಊಟ ಓಟ ಮುಗಿದು ಒಂದು ಗಂಟೆ ಬಿಟ್ಟು. ಎದೆ ಆಳವಿರೋ ನಾಯಿ, ತುಂಬಿದ ಹೊಟ್ಟೆಲಿ ಓಡಿದ್ರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಭಯ. ಏಪ್ರಿಲ್ ಬಂದ್ರೆ ಓಟನೇ ಬಿಟ್ಟುಬಿಡಿ.

ಆಪರೇಷನ್ ಏನಾದ್ರೂ ಬಂದ್ರೆ ಇದು ಮುಧೋಳ ಅಂತ ಡಾಕ್ಟ್ರಿಗೆ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬಿಲ್ಲದ ಇಂಥ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದು ಬೇಗ ಇಳಿಯಲ್ಲ. ಹುಚ್ಚುನಾಯಿ ರೋಗದ ಲಸಿಕೆ ಇನ್ನೂ ಆಗಿಲ್ಲ ಅಂದ್ರೆ ನಾಳೆನೇ ಹಾಕಿಸಿ, ಮೂರು ತಿಂಗಳಿಗೇ ಆಗಬೇಕಿತ್ತು.

ಇನ್ನೊಂದು, ಎರಡು ಮರಿ ಒಟ್ಟಿಗೆ ತಂದಿದ್ದೀರಿ. ಕಲಿಸೋವಾಗ ಒಂದನ್ನ ಮನೇಲಿ ಕಟ್ಟಿ, ಇನ್ನೊಂದನ್ನ ಮಾತ್ರ ಕರ್ಕೊಂಡು ಹೋಗಿ. ಜೋಡಿಲಿ ಬಿಟ್ರೆ ಅವು ಒಂದರ ಮುಖ ಒಂದು ನೋಡ್ತವೆ, ನಿಮ್ಮ ಸೀಟಿ ಕಿವಿಗೇ ಬೀಳಲ್ಲ.