ಸಂಪಾದಕರ ಉತ್ತರ: ಎರಡನೆಯ ಸಂಪುಟದ ಕಾಡು

ಬಸವನಗುಡಿಯ ಓದುಗರಿಗೆ, ವಂದನೆಗಳು.

ಮಾಟಗಾತಿ ಗೋಪುರದಲ್ಲಿ ಕೂಡಿಟ್ಟ, ಉದ್ದ ಕೂದಲನ್ನು ಇಳಿಬಿಟ್ಟು ಬಂದವರನ್ನು ಮೇಲೇರಿಸಿಕೊಳ್ಳುವ ಹುಡುಗಿ ರಪುಂಜೆಲ್‌ಳ ಕಥೆಯನ್ನು ಹೊಸದಾಗಿ ಹೇಳುವ ಮೂರು ಸಂಪುಟಗಳ ಕಾದಂಬರಿಯ ಎರಡನೆಯ ಭಾಗವನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದನ್ನು ಓದಿ, 'ಮೊದಲನೆಯದಕ್ಕಿಂತ ಚೆನ್ನಾಗಿದೆ ಎನ್ನುತ್ತೀರಿ, ನಿರಾಸೆಯಾಯಿತು ಎಂದೂ ಎನ್ನುತ್ತೀರಿ. ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಇದನ್ನು ಕೊಡಿಸಲೋ ಬೇಡವೋ?' ಎಂದು ಕೇಳಿದ್ದೀರಿ. ಎರಡು ಮಾತೂ ನಿಜ. ಅವೆರಡನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದು ನನ್ನ ತಪ್ಪು.

ಮೊದಲ ಸಂಪುಟದಲ್ಲಿ ಗೋಪುರ, ಕೂದಲು, ರಾಜಕುಮಾರ ಎಲ್ಲವೂ ಇದ್ದವು. ಬಸುರಿಯೊಬ್ಬಳ ಸೊಪ್ಪಿನ ಬಯಕೆಗಾಗಿ ಮಗುವೇ ಕೈತಪ್ಪಿಹೋಗುವ ಸಂಕಟ ಮಾತ್ರ, ಕಥೆ ಹುಟ್ಟುವುದೇ ಅಲ್ಲಿಂದಾದರೂ, ಎರಡು ಪುಟಗಳಲ್ಲಿ ತೀರಿಹೋಗಿತ್ತು.

ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಮಾಡಿಸಿದ ರಪುಂಜೆಲ್ ಕಥೆಯಲ್ಲಿ, ತನ್ನ ಬಟ್ಟೆ ಏಕೆ ಬಿಗಿಯಾಗುತ್ತಿದೆ ಎಂದು ಹುಡುಗಿ ಏನೂ ಅರಿಯದೆ ಕೇಳುವುದರಿಂದ ಅವಳ ಬಸಿರು ಬಯಲಾಗುತ್ತದೆ. 1857ರ ಆವೃತ್ತಿಯ ಹೊತ್ತಿಗೆ ಆ ಮಾತು ಹೋಗಿ, ರಾಜಕುಮಾರನಿಗಿಂತ ನೀನೇಕೆ ಭಾರ ಎಂದು ಅವಳು ಮಾಟಗಾತಿಯನ್ನು ಕೇಳುವಂತಾಯಿತು. ಬಸಿರಿನ ಸುಳಿವನ್ನು ಅಳಿಸಿದರೂ ಅವಳಿ ಮಕ್ಕಳು ಕಥೆಯಲ್ಲಿ ಉಳಿದರು. ಕೂದಲು ಕಳೆದುಕೊಂಡು ಕಾಡುಪಾಲಾದ ಆಕೆ ಅವರನ್ನು ಹೇಗೆ ಹೆತ್ತು ಸಾಕಿದಳು ಎಂಬುದಕ್ಕೆ ಮಾತ್ರ ಕೆಲವೇ ಸಾಲು. ಎರಡನೆಯ ಸಂಪುಟದಲ್ಲಿ ಲೇಖಕಿ ಆ ಕೆಲವು ಸಾಲುಗಳೊಳಗೇ ಇಳಿದಿದ್ದಾರೆ. ಹಸಿ ಬಾಣಂತಿ ತನ್ನ ಮೋಟು ಕೂದಲನ್ನು ಬೆರಳಿನಲ್ಲೇ ಬಾಚಿ, ಉದುರಿದ ಎಳೆಗಳನ್ನು ಸುತ್ತಿ ಕಲ್ಲಿನ ಸಂದಿಗೆ ಸಿಕ್ಕಿಸುತ್ತಾಳೆ (ನಮ್ಮಜ್ಜಿ ಸೂರಿನ ಸಂದಿಗೆ ಸಿಕ್ಕಿಸುತ್ತಿದ್ದದ್ದೂ ಹೀಗೆಯೇ). ಮರುದಿನ ಅದೇ ಉಂಡೆಯನ್ನು ಬಿಡಿಸಿ ಮಗುವಿನ ಹರಿದ ಬಟ್ಟೆ ಹೊಲಿಯುತ್ತಾಳೆ. ಮಾಯದ ಕೂದಲು ಹೊಲಿಗೆಯ ದಾರವಾಗುವ ಆ ಪುಟವನ್ನು ನಾನು ಮೂರು ಸಲ ಓದಿದೆ.

ಹೀಗೆ ಬರೆಯಬಲ್ಲವರು ಅರ್ಧ ಪುಸ್ತಕ ದಾಟುತ್ತಿದ್ದಂತೆ ಕಾಡನ್ನೂ ಮಕ್ಕಳನ್ನೂ ಬಿಟ್ಟು ಅರಮನೆಯ ಯುದ್ಧಕ್ಕೆ ಹೊರಟುಬಿಡುತ್ತಾರೆ ಎಂಬುದೇ ನನ್ನ ನಿರಾಸೆ. ಕುರುಡನಾದ ರಾಜಕುಮಾರ ಅವಳ ದನಿ ಹಿಡಿದು ಬರುವುದು, ಅವಳ ಕಣ್ಣೀರು ತಾಗಿ ಅವನಿಗೆ ಕಣ್ಣು ಬರುವುದು, ಎಲ್ಲವೂ ಮೂರನೆಯ ಸಂಪುಟಕ್ಕೆ ಹೋಗಿವೆ. ಕಾಯಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮದೇ ಜನಪದ ಕಥೆಯಲ್ಲಿ, ಒಂದು ಬಿಂದಿಗೆ ನೀರಿಗೆ ಹೂವಿನ ಮರವಾಗಿ ಇನ್ನೊಂದಕ್ಕೆ ಮತ್ತೆ ಹೆಣ್ಣಾಗುವ ಹುಡುಗಿ, ಕೊಂಬೆಗಳನ್ನು ಯಾರೋ ಮುರಿದದ್ದರಿಂದ ಕೈಕಾಲಿಲ್ಲದೆ ಬಿದ್ದಿರುತ್ತಾಳೆ. ಗಂಡ ಆ ಕೊಂಬೆಗಳನ್ನು ಸರಿಪಡಿಸಿ ನೀರು ಹೊಯ್ಯುವವರೆಗೆ ಕೇಳುವವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ಆದರೆ ಗಂಡ ಊರೂರು ಅಲೆದರೂ ಕೊನೆಗೆ ಬಂದು ಸೇರುವುದು ಅವಳಿರುವಲ್ಲಿಗೇ. ಈ ಕಾದಂಬರಿಯಲ್ಲಿ ಯುದ್ಧದ ಯಾವ ದಾರಿಯೂ ಆ ಬಾಣಂತಿಯ ಕಡೆಗೆ ತಿರುಗುವುದಿಲ್ಲ.

ಮಗಳಿಗೆ ಕೊಡಿಸಿ. ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ ನೋಡಿ. ಕಲ್ಲಿನ ಸಂದಿಯ ಪುಟವನ್ನು ಓದಿ ಅವಳು ಏನೆಂದಳೆಂದು ದಯವಿಟ್ಟು ಬರೆಯಿರಿ.

– ಸಂಪಾದಕ