ಗಾಯದಲ್ಲೇ ಅಂಟಿ ನಿಲ್ಲುವ ಔಷಧಿ

ಪ್ರಶ್ನೆ: ಸರ್, ನಮ್ಮ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ತೋಟದಲ್ಲಿ ದಬ್ಬೆಯ ಸಿಬಿರು ಚುಚ್ಚಿ ಪಾದಕ್ಕೆ ಆದ ಗಾಯ ಮೂರು ತಿಂಗಳಾದರೂ ಮಾಗಿಲ್ಲ. ಕೀವು ಪರೀಕ್ಷೆ ಮಾಡಿಸಿದರೆ ಮೂರು ಆಂಟಿಬಯೋಟಿಕ್‌ಗಳ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಆ ಔಷಧಿ ನಾಟುವುದಿಲ್ಲ) ಅಂತ ಬಂದಿದೆ. ನೇರ ಗಾಯಕ್ಕೇ ಔಷಧಿ ತಲುಪಿಸುವ ನ್ಯಾನೋ ಜೆಲ್ ಇದೆಯಂತೆ. ತರಿಸಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಮೈಲುತುತ್ತ, ಸುಣ್ಣದ ಜೊತೆ ರಾಳದ ಅಂಟನ್ನೂ ಸೇರಿಸುತ್ತೀರಿ ಅಲ್ವಾ? ಇಲ್ಲದಿದ್ದರೆ ನಿಮ್ಮ ಕಡೆಯ ಮಳೆಗೆ ಔಷಧಿ ಗೊನೆಯ ಮೇಲೆ ಎಲ್ಲಿ ನಿಲ್ಲುತ್ತದೆ! ರೋಗ ಕೊಲ್ಲುವುದು ತುತ್ತವೇ. ಅದನ್ನು ಕಾಯಿ ಮೇಲೆ ಹಿಡಿದಿಡುವುದು ಅಂಟು. ನೀವು ಕೇಳಿದ ಜೆಲ್‌ಗಳ ಕೆಲಸವೂ ಹೆಚ್ಚುಕಮ್ಮಿ ಇದೇ.

ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಜನರ ಪಾದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ನುಂಗಿದ ಮಾತ್ರೆ ರಕ್ತದ ಜೊತೆಗೇ ಹೋಗಬೇಕು, ಗಾಯಕ್ಕೆ ಸಿಗುವುದು ಅಷ್ಟಿಷ್ಟು. ಸಾಲದ್ದಕ್ಕೆ ಬ್ಯಾಕ್ಟೀರಿಯಾ ಲೋಳೆ ಹೊದ್ದು ಕೂರುತ್ತವೆ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಪಾಚಿ ಎಷ್ಟು ಕೊಡ ನೀರು ಸುರಿದರೂ ಹೋಗುವುದಿಲ್ಲ, ತಿಕ್ಕಲೇಬೇಕು. ಡ್ರೆಸ್ಸಿಂಗ್ ಮಾಡುವಾಗ ಸತ್ತ ಚರ್ಮ ಕೆರೆದು ತೆಗೆಯುವುದು ಅದಕ್ಕೇ. ಅಪ್ಪಯ್ಯ ಬೈದರೂ ತಪ್ಪಿಸಬೇಡಿ.

ನ್ಯಾನೋ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ. ಅಂಥ ಪುಟ್ಟ ಗಾಡಿಯಲ್ಲಿ ಔಷಧಿ ತುಂಬಿ ಕಳಿಸುವುದು ಹೊಸದೇನಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಊರೆಲ್ಲ ಹುಡುಕಾಡಿದ ಆಂಫೋಟೆರಿಸಿನ್ ಇಂಜೆಕ್ಷನ್ ನೆನಪಿದೆಯಾ? ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ, ಅಂದರೆ ಲೈಪೋಸೋಮ್‌ನಲ್ಲಿ ತುಂಬಿರುತ್ತಾರೆ. ಕಿಡ್ನಿಗೆ ಪೆಟ್ಟು ಕಮ್ಮಿ. ಅದು ಬೂಷ್ಟಿಗೆ ಔಷಧಿ ಬಿಡಿ. ಆದರೆ ಅಮಿಕಾಸಿನ್ ಎಂಬ ಆಂಟಿಬಯೋಟಿಕ್ ಅನ್ನೂ ಹೀಗೇ ತುಂಬಿ, ಉಸಿರಲ್ಲಿ ಎಳೆದುಕೊಳ್ಳುವ ಔಷಧಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಶ್ವಾಸಕೋಶದ ಒಂದು ಹಟಮಾರಿ ಸೋಂಕಿಗೆ, ಕಾಲಿನ ಗಾಯಕ್ಕಲ್ಲ.

ಇನ್ನು ‘ಆರ್’ ಬಂದ ಔಷಧಿಯನ್ನೇ ಜೆಲ್‌ಗೆ ತುಂಬಿದರೆ? ಒಂದೇ ಜಾಗದಲ್ಲಿ ಜಾಸ್ತಿ ಪ್ರಮಾಣ ಸಿಕ್ಕಿ ಒಂದೊಂದು ಸಲ ಕೆಲಸ ಮಾಡಬಹುದು. ಬ್ಯಾಕ್ಟೀರಿಯಾ ಹತ್ತಿರ ಆ ಔಷಧಿಯನ್ನೇ ಮುರಿದು ಹಾಕುವ ಕಿಣ್ವ ಇದ್ದರೆ, ಗಾಡಿ ಬದಲಿಸಿ ಏನು ಪ್ರಯೋಜನ? ಹಾಗಾಗಿ ಜಾಹೀರಾತು ನೋಡಿ ಸುಮ್ನೆ ದುಡ್ಡು ಹಾಕಬೇಡಿ. ‘ನ್ಯಾನೋ’ ಅಂತ ಬರೆದ ಕೂಡಲೇ ಟ್ಯೂಬಿನ ಬೆಲೆ ಏರುತ್ತದೆ. ಬೆಳ್ಳಿಯ ಅಂಶವಿರುವ ಪಟ್ಟಿಗಳೂ ಸಿಗುತ್ತವೆ. ಬೇಕೋ ಬೇಡವೋ ಅಂತ ಗಾಯ ನೋಡಿದ ಸರ್ಜನ್ನೇ ಹೇಳಬೇಕು.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದವ. ಚೀಟಿ ಇಲ್ಲದೆ ಬಂದವರಿಗೆ ಆಂಟಿಬಯೋಟಿಕ್ ಅನ್ನು ‘ಮೂರು ಮಾತ್ರೆ ಸಾಕು’ ಅಂತ ಪಟ್ಟಿಯಿಂದ ಕತ್ತರಿಸಿ ಕೊಟ್ಟಿದ್ದೇನೆ. ಹೀಗೆ ಬೇಕಾಬಿಟ್ಟಿ ನುಂಗಿದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತವೆ. ನಿಮ್ಮ ರಿಪೋರ್ಟಿನ ‘ಆರ್’ಗಳಲ್ಲಿ ನನ್ನಂಥವರ ಪಾಲೂ ಇದೆ.

ಮುಂದಿನ ಸಲ ಸರ್ಜನ್ ಹತ್ತಿರ ಹೋಗುವಾಗ ಆ ರಿಪೋರ್ಟ್ ಒಯ್ಯಿರಿ. ‘ಎಸ್’ (ಸೆನ್ಸಿಟಿವ್, ಅಂದರೆ ನಾಟುತ್ತದೆ) ಅಂತ ಬಂದಿರುವ ಔಷಧಿ ಯಾವುದು ಅಂತ ಕೇಳಿ. ಕಾಲಿನ ರಕ್ತನಾಳದ ಡಾಪ್ಲರ್ ಪರೀಕ್ಷೆ ಆಗಿಲ್ಲವಾದರೆ ಅದನ್ನೂ ಕೇಳಿ. ಅಲ್ಲಿವರೆಗೆ ಅಪ್ಪಯ್ಯನನ್ನು ಬರಿಗಾಲಲ್ಲಿ ತೋಟಕ್ಕೆ ಬಿಡಬೇಡಿ.