2016ರ ಕೈಟ್‌ಬೋರ್ಡಿಂಗ್ ಬಾರ್ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ?

ಕೈಟ್‌ಬೋರ್ಡಿಂಗ್ ಎಂದರೆ ದೊಡ್ಡ ಗಾಳಿಪಟದ ಸೆಳೆತದಿಂದ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಸಾಗುವ ಆಟ; ಬಾರ್ ಆ ಪಟವನ್ನು ನಡೆಸುವ ಹಿಡಿಕೋಲು. ಬಾರ್ ಕೈಬಿಟ್ಟರೆ ಪಟದ ಸೆಳೆತ ಹೇಗೂ ತಗ್ಗುತ್ತದಲ್ಲ, ಹಳೆಯ ಬಾರಿನ ಕ್ವಿಕ್ ರಿಲೀಸ್ (ಅಪಾಯದಲ್ಲಿ ಪಟದ ಬಲವನ್ನು ಥಟ್ಟನೆ ಕಳೆಯುವ ಕೀಲು) ಬಗ್ಗೆ ಅಷ್ಟೇಕೆ ಯೋಚಿಸಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಯೋಚಿಸಿ.

ಸೆಳೆತ ತಗ್ಗುವುದು ನಿಜ. ಆದರೆ ಬಾರಿನ ಕೆಳಗಿನ ಕುಣಿಕೆ, ಅಂದರೆ ಚಿಕನ್ ಲೂಪ್, ನಿಮ್ಮ ಹಾರ್ನೆಸ್‌ನ (ಮೈಗೆ ಕಟ್ಟುವ ಪಟ್ಟಿಯ) ಕೊಕ್ಕೆಯಲ್ಲೇ ಇರುತ್ತದೆ. ಹಿಂಬದಿಯ ಒಂದು ದಾರ ಬಾರಿನ ತುದಿಗೆ ಸುತ್ತಿಕೊಂಡರೆ ಸಾಕು, ಪಟ ಗಿರಕಿ ಹೊಡೆಯುತ್ತಾ ಪ್ರತಿ ಸುತ್ತಿಗೂ ನಿಮ್ಮನ್ನು ಎಳೆಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು. ಆಗ ಲೂಪಿನ ಮೇಲಿರುವ ಕ್ವಿಕ್ ರಿಲೀಸ್ ಹಿಡಿಯನ್ನು ದೂರಕ್ಕೆ ತಳ್ಳಬೇಕು. ಲೂಪ್ ಬಿಚ್ಚಿಕೊಂಡು ಬಾರ್ ಮೇಲಕ್ಕೆ ಜಾರುತ್ತದೆ, ಪಟ ಒಂದೇ ದಾರಕ್ಕೆ ಜೋತು ಬಾವುಟದಂತೆ ಬಲಗುಂದುತ್ತದೆ. ಅದಕ್ಕೂ ಬಗ್ಗದಿದ್ದರೆ ಲೀಶ್, ಅಂದರೆ ನಿಮ್ಮನ್ನು ಆ ದಾರಕ್ಕೆ ಜೋಡಿಸಿರುವ ಪಟ್ಟಿಯನ್ನು, ಬಿಚ್ಚಿ ಪಟವನ್ನೇ ಬಿಟ್ಟುಬಿಡಬೇಕು.

ರಾಮೇಶ್ವರದಲ್ಲಿ ಕಲಿಯುತ್ತಿದ್ದಾಗ, ಕೋಣೆಯಲ್ಲಿ ಬೆಣ್ಣೆಯಂತೆ ಬಿಚ್ಚಿಕೊಂಡಿದ್ದ ರಿಲೀಸ್ ದಡದಲ್ಲಿ ಕದಲಲಿಲ್ಲ. ಗೆಳೆಯ ಬಾರ್ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದ, ನಾನು ಒಂದು ಕೈಯಲ್ಲಿ ತಳ್ಳಿದೆ, ಎರಡೂ ಕೈ ಹಾಕಿದೆ. ಕೊನೆಗೆ ಕರಕರ ಸದ್ದು ಮಾಡಿ ಬಿಟ್ಟುಕೊಟ್ಟಿತು. ನೋಡಿದರೆ ಸ್ಪ್ರಿಂಗಿನ ಸುರುಳಿಗಳ ನಡುವೆ ಮರಳು, ಮೇಲೆ ಬಿಳಿಯ ಉಪ್ಪಿನ ಪೊರೆ. ಹಿಂದಿನ ಸಂಜೆ ಸಿಹಿನೀರಿನಲ್ಲಿ ತೊಳೆಯದೆ ಚೀಲಕ್ಕೆ ತುರುಕಿದ್ದೆ. ಅಂದಿನಿಂದ ನೀರಿಗಿಳಿಯುವ ಮುನ್ನ ಪ್ರತಿ ಸಲ ಭಾರ ಹಾಕಿಯೇ ಬಿಚ್ಚಿ ನೋಡುತ್ತೇನೆ.

ಈ ರಿಲೀಸ್‌ಗಳನ್ನು ಪರೀಕ್ಷಿಸುವ ಕ್ರಮವನ್ನು ನಿಗದಿಪಡಿಸಿದ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 21853, ಬಂದದ್ದೇ 2020ರಲ್ಲಿ. ನಿಮ್ಮ ಬಾರ್ ಅದಕ್ಕಿಂತ ಹಿಂದಿನದು. ಹಾಗೆಂದು ಹಳೆಯದೆಲ್ಲ ಕೆಟ್ಟದ್ದಲ್ಲ, ಆದರೆ ಪರೀಕ್ಷಿಸುವ ಹೊಣೆ ಪೂರ್ತಿ ನಿಮ್ಮದು. ಮುಖ್ಯವಾಗಿ, ಬಾರ್ ಜಾರಬೇಕಾದ ದಾರವನ್ನು ಇಡೀ ಉದ್ದಕ್ಕೂ ಬೆರಳಿನಿಂದ ಸವರಿ ನೋಡಿ. ಹಿಂದಿನ ಮಾಲೀಕರು ತುಂಡಾದ ದಾರಕ್ಕೆ ಗಂಟು ಹಾಕಿದ್ದರೆ ಬಾರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ರಿಲೀಸ್ ಬಿಚ್ಚಿದರೂ ಪಟದ ಬಲ ಹೋಗುವುದಿಲ್ಲ. ಲೀಶ್ ಕೂಡ ಆ ದಾರದ ಬಳೆಗೇ ಸೇರಿರಬೇಕು. ಸಾಹಸ ಮಾಡುವವರು ಅದನ್ನು ಬೇರೆಡೆ ಸಿಕ್ಕಿಸುವುದನ್ನು ಕಂಡು ಅನುಕರಿಸಬೇಡಿ, ಹಾಗೆ ಕಟ್ಟಿದರೆ ರಿಲೀಸ್ ಮಾಡಿದ ಮೇಲೂ ಪಟ ಎಳೆಯುತ್ತಲೇ ಇರಬಹುದು.

ನಾನಾಗಿದ್ದರೆ ಮಾರುವವರ ಎದುರಿಗೇ ಬಾರಿಗೆ ಭಾರ ಹಾಕಿಸಿ, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಹತ್ತು ಸಲ ಬಿಚ್ಚಿ ಜೋಡಿಸುತ್ತಿದ್ದೆ. ಒಂದು ಸಲ ತಡವರಿಸಿದರೂ ಕೊಳ್ಳುತ್ತಿರಲಿಲ್ಲ.